ಹಳೆ ತೈಲ ಕ್ಷೇತ್ರದ ಮಗ್ಗುಲಲ್ಲೇ ಹೊಸ ತೈಲ: ಪದೇ ಪದೇ ಕೇಳುವ ಪ್ರಶ್ನೆಗಳು

ಭೂವಿಜ್ಞಾನ ಓದುವ ವಿದ್ಯಾರ್ಥಿಗಳು, ರಿಗ್ ಕೆಲಸಕ್ಕೆ ಹೊಸದಾಗಿ ಸೇರಿದವರು ಮತ್ತು ಪತ್ರಿಕೆಯಲ್ಲಿ ತೈಲದ ಸುದ್ದಿ ಓದಿ ಕುತೂಹಲಗೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇವೆ. ಸುಲಭವಾದವು ಮೊದಲು, ಲೆಕ್ಕ ಬೇಡುವಂಥವು ಆಮೇಲೆ.

## ಮೊದಲು ತಿಳಿಯಬೇಕಾದ್ದು

ಅಷ್ಟು ವರ್ಷ ಕೊರೆದ ಜಾಗದಲ್ಲಿ ಇನ್ನೂ ಎಣ್ಣೆ ಇರುತ್ತಾ? ಇದ್ದರೆ ಆಗಲೇ ಯಾಕೆ ಸಿಗಲಿಲ್ಲ?

ಇರುತ್ತದೆ. ತೈಲ ಬಾವಿಯ ತೂತಿನ ಅಗಲ ತಳದಲ್ಲಿ ಸಾಮಾನ್ಯವಾಗಿ ಒಂದು ಗೇಣಿಗೂ ಕಡಿಮೆ. ಹತ್ತಾರು ಚದರ ಕಿಲೋಮೀಟರ್ ಪ್ರದೇಶದಲ್ಲಿ ಅಂಥ ನಾಲ್ಕೈದು ತೂತು ಕೊರೆದರೆ ನೆಲದಡಿಯ ಬಹುಪಾಲನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. ನಮ್ಮ ಹೊಲಗಳಲ್ಲಿ ಒಂದು ಕೊಳವೆ ಬಾವಿ ಬತ್ತಿ, ಇನ್ನೂರು ಅಡಿ ಆಚೆಯದು ಉಕ್ಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಟ್ಟುಹೋಗುವುದಕ್ಕೆ ನಾಲ್ಕು ಮುಖ್ಯ ಕಾರಣಗಳಿವೆ. ಹಳಬರು ಕೊರೆದದ್ದು ಕಮಾನಿನಂತೆ ಮೇಲೆದ್ದ ಶಿಲಾಸ್ತರದ ಮಡಿಕೆಗಳ ನೆತ್ತಿಯನ್ನು. ಮಡಿಕೆಯ ಮಗ್ಗುಲಲ್ಲಿ ಮರಳುಗಲ್ಲು ತೆಳುವಾಗುತ್ತ ಮಾಯವಾಗುವ ಕಡೆ ಸಿಕ್ಕಿಕೊಂಡ ತೈಲ ಅವರ ನಕ್ಷೆಯಲ್ಲಿ ಇರಲೇ ಇಲ್ಲ. ಇನ್ನು ಕೆಲವೆಡೆ ಬಾವಿ ತೈಲದ ಪದರವನ್ನು ಹಾದೇ ಹೋಗಿತ್ತು, ಆದರೆ ಉಪಕರಣ ಅದನ್ನು ನೀರು ಎಂದು ತೋರಿಸಿತು. ಸ್ತರಭಂಗದ (ಶಿಲೆ ಸೀಳಿ ಸರಿದ ಬಿರುಕಿನ) ಆಚೆಯ ತುಂಡನ್ನು ಯಾರೂ ಪರೀಕ್ಷಿಸದೆ ಉಳಿದದ್ದೂ ಉಂಟು. ಕೊನೆಯ ಕಾರಣ ಹಣದ್ದು: ಸಿಕ್ಕಿತ್ತು, ಆದರೆ ಅಂದಿನ ಬೆಲೆಗೆ ತೆಗೆಯುವ ಖರ್ಚು ಹುಟ್ಟುತ್ತಿರಲಿಲ್ಲ.

ಹೊಸ ಜಾಗ ಬಿಟ್ಟು ಹಳೆಯದರ ಪಕ್ಕದಲ್ಲೇ ಯಾಕೆ ಹುಡುಕ್ತಾರೆ?

ತೈಲ ಸಿಗಬೇಕಾದರೆ ಹುಟ್ಟುವ ಶಿಲೆ, ಹರಿದು ಬರುವ ದಾರಿ, ತುಂಬಿಕೊಳ್ಳುವ ರಂಧ್ರಮಯ ಶಿಲೆ, ಹಿಡಿದಿಡುವ ಆಕಾರ (ಇದನ್ನೇ ಬಲೆ ಎನ್ನುವುದು), ಮೇಲೊಂದು ಮುಚ್ಚಳ ಎಲ್ಲವೂ ಒಟ್ಟಿಗೆ ಕೂಡಿಬರಬೇಕು. ಹಳೆ ಕ್ಷೇತ್ರದ ಬಳಿ ಮೊದಲನೆಯದು ಸಾಬೀತಾಗಿಯೇ ಇರುತ್ತದೆ, ಎರಡನೆಯದೂ ಬಹುಮಟ್ಟಿಗೆ ಗೊತ್ತಿರುತ್ತದೆ. ಜೊತೆಗೆ ಪೈಪ್‌ಲೈನ್, ತೈಲ ಮತ್ತು ನೀರನ್ನು ಬೇರ್ಪಡಿಸುವ ಸ್ಥಾವರ, ರಸ್ತೆ, ಪಳಗಿದ ಸಿಬ್ಬಂದಿ ಅಲ್ಲೇ ಇದ್ದಾರೆ. ಹೊಸ ಜಾಗದಲ್ಲಿ ಸಿಕ್ಕ ತೈಲ ಮಾರುಕಟ್ಟೆಗೆ ಬರಲು ಹತ್ತು ವರ್ಷ ಹಿಡಿಯುವುದು ಅಪರೂಪವಲ್ಲ. ಹಳೆ ಕ್ಷೇತ್ರದ ಪಕ್ಕದ್ದಕ್ಕೆ ಎರಡು ಮೂರು ವರ್ಷ ಸಾಕಾಗಬಹುದು.

ಹಾಗೆ ನಿಜಕ್ಕೂ ದೊಡ್ಡದು ಸಿಕ್ಕ ಉದಾಹರಣೆ ಇದೆಯಾ, ಅಥವಾ ಚಿಲ್ಲರೆ ಪಲ್ಲರೆ ಮಾತ್ರವಾ?

ಸಿಗುವುದರಲ್ಲಿ ಹೆಚ್ಚಿನವು ಸಣ್ಣವೇ. ಆದರೂ ನಾರ್ವೆಯ ಯೋಹಾನ್ ಸ್ವೆರ್‌ಡ್ರೂಪ್ ಕ್ಷೇತ್ರವನ್ನು ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಓದಿಕೊಳ್ಳಬೇಕು.

ಉತ್ತರ ಸಮುದ್ರದ ನಾರ್ವೆ ಭಾಗದಲ್ಲಿ 1960ರ ದಶಕದಿಂದಲೇ ಬಾವಿ ಕೊರೆಯುತ್ತಿದ್ದರು. ಅಲ್ಲಿನ ಉಟ್ಸಿರಾ ಎಂಬ ಹಳೆ ಶಿಲೆಯ ದಿಬ್ಬದ ಸುತ್ತಮುತ್ತ ಕಂಪನಿಗಳು ಬಂದವು, ಕೊರೆದವು, ಪರವಾನಗಿ ಮರಳಿಸಿ ಹೋದವು. ತೈಲ ಹುಟ್ಟುವ ಆಳದ ಕಣಿವೆ ಇರುವುದು ದಿಬ್ಬದ ಪಶ್ಚಿಮಕ್ಕೆ. ದಿಬ್ಬ ದಾಟಿ ಪೂರ್ವದ ಮಗ್ಗುಲಿಗೆ ತೈಲ ಬಂದಿರಲಾರದು ಎಂಬ ನಂಬಿಕೆ ಬಲವಾಗಿತ್ತು. 2007ರಲ್ಲಿ ಲುಂಡಿನ್ ಕಂಪನಿಗೆ ಪಶ್ಚಿಮದ ಮಗ್ಗುಲಲ್ಲಿ ಇಂದಿನ ಎಡ್ವರ್ಡ್ ಗ್ರೀಗ್ ಕ್ಷೇತ್ರ ಸಿಕ್ಕಿತು. ಪಶ್ಚಿಮದ ಬಲೆ ತುಂಬಿ ತುಳುಕಿದ್ದರೆ ಆ ತೈಲ ಎತ್ತ ಹರಿದಿರಬೇಕು ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. 2010ರಲ್ಲಿ ಅದೇ ಕಂಪನಿ ಪೂರ್ವಕ್ಕೆ 16/2-6 ಬಾವಿ ಕೊರೆದು ತೈಲ ಕಂಡಿತು. 2011ರಲ್ಲಿ ಪಕ್ಕದ ಪರವಾನಗಿಯಲ್ಲಿ ಸ್ಟಾಟ್‌ಆಯಿಲ್ ಕಂಪನಿ ಕೊರೆದ 16/2-8 ಬಾವಿಯಲ್ಲೂ ಸಿಕ್ಕಿತು, ಮತ್ತು ಎರಡೂ ಒಂದೇ ಕ್ಷೇತ್ರವೆಂದು ತಿಳಿಯಿತು. ಆಳ ಸುಮಾರು 1,900 ಮೀಟರ್, ಮೇಲಿನ ನೀರು 110-120 ಮೀಟರ್. 2019ರ ಅಕ್ಟೋಬರ್‌ನಲ್ಲಿ ಉತ್ಪಾದನೆ ಶುರುವಾದಾಗ ತೆಗೆಯಬಹುದಾದ ಪ್ರಮಾಣದ ಅಂದಾಜು 270 ಕೋಟಿ ಬ್ಯಾರೆಲ್.

ತೈಲ ತುಂಬಿದ್ದು ಜುರಾಸಿಕ್ ಕಾಲದ ಒರಟು ಮರಳುಗಲ್ಲಿನಲ್ಲಿ. ಪದರ ಕೆಲವೆಡೆ ಎಷ್ಟು ತೆಳು ಎಂದರೆ ಕಂಪನ ಸಮೀಕ್ಷೆಗೆ (ಸೈಸ್ಮಿಕ್: ನೆಲದೊಳಕ್ಕೆ ಕಂಪನ ಕಳಿಸಿ, ಮರಳಿದ ಪ್ರತಿಫಲನಗಳಿಂದ ಚಿತ್ರ ಪಡೆಯುವುದು) ಅದು ಕಾಣುವುದೇ ಇಲ್ಲ. ಅಲ್ಲಿ ಕೊರತೆ ಇದ್ದದ್ದು ಉಪಕರಣಕ್ಕಿಂತ ಹೆಚ್ಚಾಗಿ ತೈಲದ ದಾರಿಯ ಕಲ್ಪನೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಬ್ರಿಟನ್ ಭಾಗದ ಬಜರ್ಡ್ ಕ್ಷೇತ್ರವೂ ಇದೇ ಬಗೆಯದು. ಹತ್ತಾರು ವರ್ಷ ಹುಡುಕಾಡಿದ ಪ್ರದೇಶದಲ್ಲಿ, ಮಡಿಕೆಯ ನೆತ್ತಿಯಲ್ಲಲ್ಲದೆ ಮರಳುಗಲ್ಲು ಮುಗಿಯುವ ಅಂಚಿನಲ್ಲಿ, 2001ರಲ್ಲಿ ಸಿಕ್ಕಿತು; 2007ರಲ್ಲಿ ಉತ್ಪಾದನೆಗೆ ಬಂತು.

ನಮ್ಮ ದೇಶದಲ್ಲಿ ಹೀಗೆ ಆಗಿದೆಯಾ?

ಆಗಿದೆ, ಆಗುತ್ತಲೂ ಇದೆ. ಮುಂಬೈ ಹೈನಲ್ಲಿ 1974ರಲ್ಲಿ ತೈಲ ಸಿಕ್ಕಿತು, 1976ರಲ್ಲಿ ಉತ್ಪಾದನೆ ಶುರುವಾಯಿತು. ಅದಾದ ನಾಲ್ಕು ದಶಕಗಳ ಮೇಲೆ ಅದರ ಪಶ್ಚಿಮಕ್ಕೇ ಕೊರೆದ ಡಬ್ಲ್ಯುಒ-24-3 ಬಾವಿಯಲ್ಲಿ ಒಎನ್‌ಜಿಸಿ ಹೊಸ ನಿಕ್ಷೇಪ ಕಂಡಿತು. ನೆಲದಡಿಯ ಒಟ್ಟು ಪ್ರಮಾಣ, ಅನಿಲವೂ ಸೇರಿ, ಸುಮಾರು 3 ಕೋಟಿ ಟನ್ ಎಂದು 2018ರ ಆರಂಭದಲ್ಲಿ ಸಂಸತ್ತಿಗೆ ತಿಳಿಸಲಾಯಿತು.

ರಾಜಸ್ಥಾನದ ಬಾಡ್‌ಮೇರ್‌ನಲ್ಲಿ 2004ರ ಜನವರಿಯಲ್ಲಿ ಮಂಗಳಾ ಸಿಕ್ಕ ಕೂಡಲೇ ಅದೇ ಸ್ತರಭಂಗಗಳ ಸಾಲು ಹಿಡಿದು ಹೋದವರಿಗೆ ಅದೇ ವರ್ಷ ಐಶ್ವರ್ಯಾ, ಭಾಗ್ಯಂ ಸಿಕ್ಕವು. ಇನ್ನೊಂದು ಬಗೆ, ಹಳೆ ಕ್ಷೇತ್ರದ ಕೆಳಗೇ ಇಳಿಯುವುದು. ತೈಲವೆಂದರೆ ಮರಳುಗಲ್ಲು, ಸುಣ್ಣಕಲ್ಲು ಎಂದಷ್ಟೇ ಎಣಿಸಿದ್ದ ಕಾಲ ಹೋಗಿ, ಅಸ್ಸಾಮಿನ ಬೊರ್ಹೊಲ್ಲಾದಲ್ಲಿ ಬಿರುಕು ಬಿಟ್ಟ ತಳಶಿಲೆಯಿಂದ, ಗುಜರಾತಿನ ಪಾದ್ರಾದಲ್ಲಿ ಡೆಕ್ಕನ್ ಟ್ರ್ಯಾಪ್‌ನ ಕಪ್ಪು ಬಸಾಲ್ಟಿನಿಂದ ತೈಲ ತೆಗೆದಿದ್ದಾರೆ.

ಹಾಗಾದರೆ ಕರ್ನಾಟಕದಲ್ಲೂ ಸಿಗಬಹುದಲ್ವಾ?

ಹಳೆ ಕ್ಷೇತ್ರವೇ ಇಲ್ಲದ ಕಡೆ ಅದರ ಪಕ್ಕದಲ್ಲಿ ಹುಡುಕುವ ಮಾತಿಲ್ಲ. ರಾಜ್ಯದ ಬಹುಭಾಗ ನೀಸ್, ಗ್ರಾನೈಟ್, ಧಾರವಾಡ ಶಿಲೆಗಳದ್ದು. ತೈಲ ಹುಟ್ಟಿಸುವ ಶಿಲೆ ಇವುಗಳಲ್ಲಿಲ್ಲ. ಉತ್ತರದ ಭೀಮಾ ಮತ್ತು ಕಲಾದಗಿ ಶಿಲಾಸ್ತರಗಳು ದೇಶದ 26 ಜಲಜ ಶಿಲಾ ಜಲಾನಯನಗಳ (ಮರಳು, ಜೇಡಿ ಪದರ ಪದರವಾಗಿ ಕೂಡಿ ಶಿಲೆಯಾದ ತಗ್ಗುಗಳ) ಪಟ್ಟಿಯಲ್ಲಿವೆ. ಕರಾವಳಿಯಾಚೆ ಕೇರಳ-ಕೊಂಕಣ ಜಲಾನಯನವಿದೆ. ಎರಡರಲ್ಲೂ ವಾಣಿಜ್ಯ ಮಟ್ಟದ ತೈಲ ಸಿಕ್ಕಿಲ್ಲ. ಮಂಗಳೂರು (15 ಲಕ್ಷ ಟನ್) ಮತ್ತು ಪಾದೂರಿನ (25 ಲಕ್ಷ ಟನ್) ಭೂಗತ ಗುಹೆಗಳಲ್ಲಿ ಇರುವುದು ಹೊರಗಿನಿಂದ ತಂದು ತುಂಬುವ ಕಚ್ಚಾ ತೈಲ. ಇದನ್ನೇ ನಿಕ್ಷೇಪ ಪತ್ತೆ ಎಂದುಕೊಂಡು ಕೇಳುವವರು ಬಹಳ.

"ಇಷ್ಟು ಕೋಟಿ ಬ್ಯಾರೆಲ್ ಪತ್ತೆ" ಅಂತ ಪೇಪರ್‌ನಲ್ಲಿ ಬರುತ್ತಲ್ಲ, ಅಷ್ಟೂ ಹೊರಗೆ ಬರುತ್ತಾ?

ಬರುವುದಿಲ್ಲ. ಸುದ್ದಿಯಲ್ಲಿ ಬರುವುದು ಬಹುಪಾಲು ನೆಲದಡಿ ಇರುವ ಒಟ್ಟು ಪ್ರಮಾಣ. ಒಂದು ಲೆಕ್ಕ ನೋಡಿ. 4 ಚದರ ಕಿ.ಮೀ. ಹರವು, ತೈಲ ಹಿಡಿದ ಪದರದ ನಿವ್ವಳ ದಪ್ಪ 8 ಮೀಟರ್, ರಂಧ್ರಗಳ ಪಾಲು ಶೇ 22, ಆ ರಂಧ್ರಗಳಲ್ಲಿ ನೀರಿನ ಪಾಲು ಶೇ 35. ಮೇಲೆ ಬಂದಾಗ ಅನಿಲ ಹೊರಹೋಗಿ ತೈಲ ಕುಗ್ಗುತ್ತದೆ, ಅದಕ್ಕೆ 1.2ರಿಂದ ಭಾಗಿಸಬೇಕು.

40,00,000 × 8 × 0.22 × 0.65 ÷ 1.2 = ಸುಮಾರು 38.1 ಲಕ್ಷ ಘನ ಮೀಟರ್. ಒಂದು ಘನ ಮೀಟರ್‌ಗೆ 6.29 ಬ್ಯಾರೆಲ್‌ನಂತೆ ಸುಮಾರು 2.4 ಕೋಟಿ ಬ್ಯಾರೆಲ್. ಇದರಲ್ಲಿ ಶೇ 30 ಹೊರಬಂದರೆ 72 ಲಕ್ಷ ಬ್ಯಾರೆಲ್. ಹಣಕಾಸಿನ ಲೆಕ್ಕಕ್ಕೆ ಬರುವುದು ಈ ಕೊನೆಯ ಅಂಕಿ. ಅದೂ ಅಭಿವೃದ್ಧಿ ಯೋಜನೆಗೆ ಒಪ್ಪಿಗೆ ಸಿಕ್ಕು, ಇಂದಿನ ಬೆಲೆಯಲ್ಲಿ ಲಾಭ ಉಳಿಯುವಂತಿದ್ದರೆ ಮಾತ್ರ ಅದನ್ನು ತೆಗೆಯಬಲ್ಲ ನಿಕ್ಷೇಪ (ರಿಸರ್ವ್) ಎಂದು ದಾಖಲಿಸಬಹುದು.

## ಹುಡುಕುವ ಕೆಲಸ

ಕೆಲಸ ಎಲ್ಲಿಂದ ಶುರು ಮಾಡ್ಬೇಕು? ಸೈಸ್ಮಿಕ್‌ನಿಂದಲಾ?

ಸೈಸ್ಮಿಕ್‌ಗಿಂತ ಮೊದಲು ಹಳೆ ಬಾವಿಗಳ ಕಡತಗಳಿಂದ. ಪ್ರತಿ ಬಾವಿಗೂ ಒಂದು ಪುಟ ಮಾಡಿ: ಯಾವ ನಂಬಿಕೆಯಿಂದ ಕೊರೆದರು, ಎಷ್ಟು ಆಳಕ್ಕೆ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಮಡ್ (ಕೊರೆಯುವಾಗ ಬಾವಿಗೆ ತುಂಬುವ ಕೆಸರಿನಂಥ ದ್ರವ) ಎಷ್ಟು ಭಾರದ್ದು, ಎಲ್ಲಿ ಅನಿಲದ ಸುಳಿವು ಬಂತು, ಯಾವ ಪದರ ಪರೀಕ್ಷಿಸಿದರು, ಯಾವುದನ್ನು ಬಿಟ್ಟರು. ಹಳೆ ಬಾವಿಯ ಸ್ಥಾನವನ್ನೂ ಮತ್ತೆ ತಾಳೆ ನೋಡಬೇಕು. ಸ್ಥಾನ ಅಳೆಯಲು ಭಾರತದ ಹಳೆ ನಕ್ಷೆಗಳು ಎವರೆಸ್ಟ್ ಎಂಬ ಆಧಾರವನ್ನು ಬಳಸಿವೆ, ಈಗಿನವು ಡಬ್ಲ್ಯುಜಿಎಸ್-84 ಎಂಬುದನ್ನು. ಪರಿವರ್ತನೆ ತಪ್ಪಿದರೆ ಬಾವಿ ನೂರಾರು ಮೀಟರ್ ಸರಿದು, ಸ್ತರಭಂಗದ ಈಚೆಯದು ಆಚೆ ಕೂತುಬಿಡುತ್ತದೆ.

ಆಮೇಲೆ ಶಿಲಾಚೂರು. ಕೊರೆಯುವಾಗ ಮೇಲೆ ಬಂದ ಚೂರುಗಳನ್ನು ಕೆಲವು ಮೀಟರ್‌ಗೊಂದರಂತೆ ಚೀಲ ಕಟ್ಟಿ ಕೋರ್ (ಬಾವಿಯಿಂದ ಇಡಿಯಾಗಿ ಕತ್ತರಿಸಿ ತೆಗೆದ ಶಿಲೆಯ ಕಂಬ) ಗೋದಾಮಿನಲ್ಲಿ ಇಟ್ಟಿರುತ್ತಾರೆ. ಅವನ್ನು ತೊಳೆದು ಕತ್ತಲಲ್ಲಿ ನೇರಳಾತೀತ ದೀಪದಡಿ ಹರಡಿ. ತೈಲ ಅಂಟಿದ ಮರಳುಗಲ್ಲಿನ ಚೂರು ಹಳದಿ, ಹೊನ್ನಿನ ಬಣ್ಣ, ಕೆಲವೊಮ್ಮೆ ನೀಲಿ ಬಿಳುಪಿನಲ್ಲಿ ಹೊಳೆಯುತ್ತದೆ. ಒಂದು ಚೂರನ್ನು ಬಿಳಿ ಪಿಂಗಾಣಿ ತಟ್ಟೆಯ ಗುಳಿಯಲ್ಲಿಟ್ಟು ದ್ರಾವಕದ ಎರಡು ಹನಿ ಬಿಟ್ಟರೆ ಚೂರಿನ ಅಂಚಿನಿಂದ ಹೊಳೆಯುವ ಎಳೆ ಹರಿಯತೊಡಗುತ್ತದೆ. ಎಚ್ಚರಿಕೆ: ಪೈಪಿನ ತಿರುಪಿಗೆ ಹಚ್ಚುವ ಗ್ರೀಸ್, ಮಡ್‌ಗೆ ಬೆರೆಸಿದ ಡೀಸೆಲ್, ಸುಣ್ಣಕಲ್ಲಿನ ಕೆಲವು ಖನಿಜಗಳೂ ಹೊಳೆಯುತ್ತವೆ. ಖನಿಜವಾದರೆ ದ್ರಾವಕದಲ್ಲಿ ಎಳೆ ಬಿಡುವುದಿಲ್ಲ. ಗ್ರೀಸ್, ಡೀಸೆಲ್ ಬಿಡುತ್ತವೆ. ಅವನ್ನು ಪತ್ತೆಹಚ್ಚಲು ಗ್ಯಾಸ್ ಕ್ರೊಮ್ಯಾಟೋಗ್ರಫಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಬೇಕು.

ಒಣ ಬಾವಿ ಅಂದ್ರೆ ಅಲ್ಲಿ ಎಣ್ಣೆ ಇಲ್ಲ ಅಂತ ತಾನೆ ಅರ್ಥ?

ಆ ಬಾವಿಯಿಂದ ತೈಲ ಹರಿಯಲಿಲ್ಲ, ಅಷ್ಟೇ. ಯಾಕೆ ಹರಿಯಲಿಲ್ಲ ಎಂಬುದನ್ನು ಪ್ರತಿ ಬಾವಿಗೂ ಬೇರೆಯಾಗಿ ತೀರ್ಮಾನಿಸಬೇಕು. ಇಡೀ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಬಾಳುವ ಕೆಲಸ ಇನ್ನೊಂದಿಲ್ಲ ಎಂದೇ ನಾವು ಹೇಳುತ್ತೇವೆ.

ಬಾವಿ ಕೂತ ಜಾಗದಲ್ಲಿ ಬಲೆಯೇ ಇರಲಿಲ್ಲವೇ? ಹಳೆ ದ್ವಿಆಯಾಮ ರೇಖೆಗಳ ನಡುವೆ ಅಂದಾಜಿನಲ್ಲಿ ಎಳೆದ ಮಡಿಕೆ ತ್ರಿಆಯಾಮ ಸಮೀಕ್ಷೆಯಲ್ಲಿ ಮಾಯವಾಗುವುದು ಮಾಮೂಲು. ಹಾಗಿದ್ದರೆ ಆ ಬಾವಿ ಅಲ್ಲಿನ ತೈಲದ ವಿರುದ್ಧ ಸಾಕ್ಷಿಯೇ ಅಲ್ಲ. ಬಲೆ ಇತ್ತು, ಮರಳುಗಲ್ಲೂ ಇತ್ತು, ನೀರು ಮಾತ್ರ ಬಂತು ಎಂದಾದರೆ ಚೂರುಗಳಲ್ಲಿ ತೈಲದ ಕಲೆ ಇದೆಯೇ ನೋಡಿ. ಕಲೆ ಇದ್ದರೆ ತೈಲ ಆ ದಾರಿಯಲ್ಲಿ ಹೋಗಿದೆ, ಅಥವಾ ಅಲ್ಲಿ ನಿಂತಿದ್ದು ಮುಚ್ಚಳ ಸೋರಿ ಹೋಗಿದೆ. ಮೇಲಿನ ದಿಕ್ಕಿನಲ್ಲಿ ಅದು ಎಲ್ಲಿ ನಿಂತಿರಬಹುದು ಎಂಬುದೇ ನಿಮ್ಮ ಮುಂದಿನ ಗುರಿ. ಕಲೆಯೂ ಇಲ್ಲದಿದ್ದರೆ ಆ ದಿಕ್ಕನ್ನು ಕೈಬಿಡುವುದು ಒಳ್ಳೆಯದು.

ಪರೀಕ್ಷೆಯೇ ಕೆಟ್ಟಿರಲೂಬಹುದು. ಡ್ರಿಲ್ ಪೈಪಿನ ಅಳತೆಗೂ ವೈರ್‌ಲೈನ್ (ಉಪಕರಣ ಇಳಿಸುವ ತಂತಿ) ಅಳತೆಗೂ ಎರಡು ಮೂರು ಮೀಟರ್ ವ್ಯತ್ಯಾಸ ಬಂದು, ತೈಲ ಒಳಬರಲೆಂದು ಬಾವಿಯ ಕೊಳವೆಗೆ ಹೊಡೆಯುವ ತೂತುಗಳನ್ನು 2 ಮೀಟರ್ ದಪ್ಪದ ಪದರ ಬಿಟ್ಟು ಜೇಡಿಗಲ್ಲಿನ ಎದುರು ಹೊಡೆದಿರಬಹುದು. ಭಾರದ ಮಡ್ ವಾರಗಟ್ಟಲೆ ಒತ್ತಿ ನಿಂತು ರಂಧ್ರಗಳು ಕಟ್ಟಿಕೊಂಡಿರಬಹುದು. ಮೇಣದ ತೈಲವಾದರೆ ಪೈಪಿನಲ್ಲಿ ತಣಿದು ಗಟ್ಟಿಯಾಗಿ "ಹರಿವಿಲ್ಲ" ಎಂದು ದಾಖಲಾಗಿರಬಹುದು.

ಹಳೆ ಸೈಸ್ಮಿಕ್ ಡೇಟಾ ಇದೆ. ಹೊಸದಾಗಿ ಮಾಡಿಸಲೇಬೇಕಾ?

ತ್ರಿಆಯಾಮ ದತ್ತಾಂಶ ಇದ್ದರೆ ಮೊದಲು ಅದನ್ನೇ ಮರುಸಂಸ್ಕರಿಸಿ. ಹೊಸ ಸಮೀಕ್ಷೆಯ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಮೂಲ ಕ್ಷೇತ್ರ ಟೇಪುಗಳು ಮತ್ತು ವೀಕ್ಷಕರ ದಾಖಲೆ ಕೈಯಲ್ಲಿರಬೇಕು. ಸಂಸ್ಕರಿಸಿದ ಕೊನೆಯ ಚಿತ್ರ ಮಾತ್ರ ಉಳಿದಿದ್ದರೆ ಹೆಚ್ಚೇನೂ ಮಾಡಲಾಗದು. ಸ್ತರಗಳು ಕಡಿದಾಗಿ ವಾಲಿರುವ ಕಡೆ, ಉಪ್ಪು ಅಥವಾ ಬಸಾಲ್ಟಿನ ಕೆಳಗೆ ಆಳದ ಲೆಕ್ಕದಲ್ಲಿ ವಲಸೆ (ಮೈಗ್ರೇಷನ್: ಪ್ರತಿಫಲನಗಳನ್ನು ಅವುಗಳ ನಿಜವಾದ ಜಾಗಕ್ಕೆ ಸರಿಸುವ ಲೆಕ್ಕ) ಮಾಡಿಸಿದರೆ ಚಿತ್ರ ನಿಚ್ಚಳವಾಗುತ್ತದೆ.

ದ್ವಿಆಯಾಮ ರೇಖೆ ಮಾತ್ರ ಇದ್ದು, ನಡುವೆ ಒಂದೆರಡು ಕಿಲೋಮೀಟರ್ ಅಂತರವಿದ್ದರೆ ಹೊಸದು ಬೇಕೇ ಬೇಕು. ಎಷ್ಟು ತೆಳು ಪದರ ಕಾಣುತ್ತದೆ ಎಂಬುದಕ್ಕೂ ಮಿತಿ ಇದೆ. ಶಿಲೆಯಲ್ಲಿ ಅಲೆಯ ವೇಗ ಸೆಕೆಂಡಿಗೆ 3,000 ಮೀಟರ್, ಆವರ್ತನ 30 ಹರ್ಟ್ಸ್ ಆದರೆ ತರಂಗಾಂತರ 100 ಮೀಟರ್. ಅದರ ಕಾಲು ಭಾಗ, ಅಂದರೆ 25 ಮೀಟರ್‌ಗಿಂತ ತೆಳುವಾದ ಪದರದ ಮೇಲ್ಮೈ ತಳ ಬೇರೆಯಾಗಿ ಕಾಣವು. 60 ಹರ್ಟ್ಸ್ ಸಿಕ್ಕರೆ ಮಿತಿ 12.5 ಮೀಟರ್‌ಗೆ ಇಳಿಯುತ್ತದೆ.

ಇನ್ನೂ ಉತ್ಪಾದನೆಯಲ್ಲಿರುವ ಕ್ಷೇತ್ರದಲ್ಲಿ ಕೆಲವು ವರ್ಷ ಬಿಟ್ಟು ಅದೇ ಸಮೀಕ್ಷೆಯನ್ನು ಮತ್ತೆ ಮಾಡಿ ಎರಡನ್ನೂ ಹೋಲಿಸುವುದುಂಟು. ನೀರು ಎಲ್ಲಿ ನುಗ್ಗಿದೆ, ಎಲ್ಲಿ ತೈಲ ಅಲುಗದೆ ಕೂತಿದೆ ಎಂಬುದು ತಿಳಿಯುತ್ತದೆ. ಉತ್ತರ ಸಮುದ್ರದ ಫೋರ್ಟೀಸ್ 1970ರಲ್ಲಿ ಸಿಕ್ಕ ಕ್ಷೇತ್ರ. 2003ರಲ್ಲಿ ಅದನ್ನು ಕೊಂಡ ಅಪಾಚಿ ಕಂಪನಿ ಹೀಗೆ ಉಳಿದ ತುಂಡುಗಳನ್ನು ಗುರುತಿಸಿ ಬಾವಿ ಕೊರೆಯಿತು.

ಸೈಸ್ಮಿಕ್ ಚಿತ್ರದಲ್ಲಿ ಹೊಳೆಯುವ ಜಾಗವೆಲ್ಲ ಎಣ್ಣೆನಾ?

ಅಲ್ಲ. ಅನಿಲವೇ ಹೆಚ್ಚು ಹೊಳೆಯುತ್ತದೆ, ಮತ್ತು ರಂಧ್ರದಲ್ಲಿ ಶೇ 5-10ರಷ್ಟು ಅನಿಲವಿದ್ದರೂ ಪೂರ್ತಿ ತುಂಬಿದಷ್ಟೇ ಹೊಳೆಯುತ್ತದೆ. ಕಲ್ಲಿದ್ದಲು, ಬಸಾಲ್ಟ್ ಕೂಡ ಹೊಳೆಯುತ್ತವೆ. ಹೊಳಪು ಮಡಿಕೆಯ ಒಂದೇ ಆಳದಲ್ಲಿ ಸುತ್ತಲೂ ಕೊನೆಗೊಳ್ಳುತ್ತಿದ್ದರೆ ಮತ್ತು ಆ ಆಳದಲ್ಲೊಂದು ಮಟ್ಟಸ ಪ್ರತಿಫಲನ ಕಂಡರೆ ಭರವಸೆ ಹೆಚ್ಚು.

ಹಳೆ ಲಾಗ್‌ನಲ್ಲಿ ನೀರು ಅಂತ ಸ್ಪಷ್ಟವಾಗಿದೆ. ಅದನ್ನೂ ಅನುಮಾನಿಸಬೇಕಾ?

ಲಾಗ್ ಎಂದರೆ ಬಾವಿಯೊಳಗೆ ಉಪಕರಣ ಇಳಿಸಿ ಆಳ ಆಳಕ್ಕೆ ತೆಗೆದ ಅಳತೆಗಳ ದಾಖಲೆ. ಮರಳು ಮತ್ತು ಜೇಡಿ ತೆಳು ಎಳೆಗಳಾಗಿ ಹೆಣೆದುಕೊಂಡ ಕಡೆ ಅದನ್ನು ಖಂಡಿತ ಅನುಮಾನಿಸಬೇಕು. ತೈಲ ವಿದ್ಯುತ್ತನ್ನು ಹರಿಯಗೊಡದು, ಉಪ್ಪುನೀರು ಹರಿಯಗೊಡುತ್ತದೆ. ಹಾಗಾಗಿ ರೋಧ ಹೆಚ್ಚಿದ್ದರೆ ತೈಲ, ಕಡಿಮೆಯಿದ್ದರೆ ನೀರು ಎಂದು ಓದುತ್ತಾರೆ. ಹಳೆ ಉಪಕರಣದ ಒಂದು ಅಳತೆಯಲ್ಲಿ ಅರ್ಧ ಮೀಟರಿನಿಂದ ಎರಡು ಮೀಟರ್ ದಪ್ಪದ ಶಿಲೆ ಒಟ್ಟಿಗೆ ಸೇರಿಹೋಗುತ್ತದೆ. ಎಳೆಗಳು ಸೆಂಟಿಮೀಟರ್ ಲೆಕ್ಕದವಾದರೆ ಜೇಡಿಯೊಳಗಿನ ವಿದ್ಯುತ್ ಹರಿವು ತೈಲದ ಗುರುತನ್ನು ನುಂಗಿಬಿಡುತ್ತದೆ.

ಅಂಕಿಯಲ್ಲಿ ನೋಡೋಣ. ಅರ್ಧ ಜೇಡಿ (1 ಓಮ್-ಮೀಟರ್), ಅರ್ಧ ತೈಲ ತುಂಬಿದ ಮರಳು (20 ಓಮ್-ಮೀಟರ್). ಪದರಗಳ ಉದ್ದಕ್ಕೆ ಅಳೆದರೆ ಎರಡೂ ಸಮಾಂತರ ತಂತಿಗಳಂತೆ ಸೇರುತ್ತವೆ: 0.5/1 + 0.5/20 = 0.525, ಅದರ ತಲೆಕೆಳಗು ಸುಮಾರು 1.9 ಓಮ್-ಮೀಟರ್. ಮರಳಿನ ರಂಧ್ರತೆ ಶೇ 25, ಭೂಜಲದ ರೋಧ 0.1 ಎಂದಿಟ್ಟುಕೊಂಡರೆ, ಪೂರ್ತಿ ನೀರೇ ತುಂಬಿದ್ದರೆ ಆ ಮರಳಿನ ರೋಧ 1.6. ರೋಧದಿಂದ ನೀರಿನ ಪಾಲು ಲೆಕ್ಕ ಹಾಕುವ ಆರ್ಚಿ ಸೂತ್ರಕ್ಕೆ 1.9 ಹಾಕಿದರೆ ನೀರಿನ ಪಾಲು ಶೇ 92 ಎಂದು ಬರುತ್ತದೆ, ಬಾವಿಯನ್ನು ಮುಚ್ಚುತ್ತಾರೆ. ಮರಳಿನದೇ ರೋಧ 20 ಹಾಕಿದ್ದರೆ ನೀರಿನ ಪಾಲು ಶೇ 28. ಅದೇ ಶಿಲೆ, ಅದೇ ತೈಲ.

ಪದರಗಳಿಗೆ ಅಡ್ಡಲಾಗಿ ಅಳೆದರೆ ಇದೇ ಶಿಲೆಯ ರೋಧ 10.5 ಬರುತ್ತದೆ. ಈಗಿನ ಮೂರು ದಿಕ್ಕಿನ ಇಂಡಕ್ಷನ್ ಉಪಕರಣ ಎರಡನ್ನೂ ಅಳೆಯುತ್ತದೆ. ಎರಡರ ನಡುವೆ ಐದು ಪಟ್ಟು ವ್ಯತ್ಯಾಸ ಕಂಡಲ್ಲಿ ತೈಲವಿದೆಯೆಂದು ಗಂಭೀರವಾಗಿ ನೋಡಬೇಕು. ಹಳೆ ಬಾವಿಯಲ್ಲಿ ಆ ಅಳತೆ ಇಲ್ಲದಿದ್ದರೆ ಕೋರ್ ತುಂಡನ್ನು ತೆಗೆದು ಎಳೆಗಳನ್ನು ಎಣಿಸಿ ಲೆಕ್ಕ ಕಟ್ಟಬಹುದು. ಪೈರೈಟ್ ಹರಳುಗಳು, ಬಹಳ ನಯವಾದ ಮರಳು ಕೂಡ ರೋಧವನ್ನು ಇಳಿಸುತ್ತವೆ. ತದ್ವಿರುದ್ಧವಾಗಿ, ಭೂಜಲ ಸಿಹಿಯಾಗಿದ್ದರೆ ನೀರಿನ ಮರಳೂ ತೈಲದಂತೆ ತೋರುತ್ತದೆ.

ಕೇಸಿಂಗ್ ಹಾಕಿ ಸಿಮೆಂಟ್ ಮಾಡಿದ ಹಳೆ ಬಾವಿಯಲ್ಲಿ ಈಗ ಅಳೆಯೋಕೆ ಆಗುತ್ತಾ?

ಆಗುತ್ತದೆ. ನ್ಯೂಟ್ರಾನ್ ಮಿಡಿತಗಳನ್ನು ಬಿಡುವ ತೆಳು ಉಪಕರಣವಿದೆ; ಅದು ಕೇಸಿಂಗ್‌ನ (ಬಾವಿಯ ಗೋಡೆಗೆ ಇಳಿಸಿದ ಉಕ್ಕಿನ ಕೊಳವೆ) ಒಳಗಿರುವ, ತೈಲ ಮೇಲೆ ಬರುವ ಕಿರಿಯ ಕೊಳವೆಯೊಳಗೇ (ಟ್ಯೂಬಿಂಗ್) ಇಳಿಯುತ್ತದೆ. ಉಪ್ಪಿನ ಕ್ಲೋರಿನ್ ನ್ಯೂಟ್ರಾನ್‌ಗಳನ್ನು ಬೇಗ ಹೀರುತ್ತದೆ, ತೈಲ ನಿಧಾನಕ್ಕೆ. ಆದರೆ ಸಿಹಿನೀರಿಗೂ ತೈಲಕ್ಕೂ ಈ ಅಳತೆಯಲ್ಲಿ ವ್ಯತ್ಯಾಸವೇ ಇಲ್ಲ. ತೈಲವನ್ನು ಹೊರತಳ್ಳಲು ನೆಲದೊಳಕ್ಕೆ ಸಿಹಿನೀರು ಒತ್ತಿದ ಕ್ಷೇತ್ರದಲ್ಲಿ ಇಂಗಾಲ ಮತ್ತು ಆಮ್ಲಜನಕದ ಅನುಪಾತ ಅಳೆಯುವ ವಿಧಾನ ಬಳಸಿ. ಎರಡೂ ಬಾವಿಯ ಗೋಡೆಯಿಂದ ಒಂದು ಗೇಣಿನಷ್ಟು ಮಾತ್ರ ನೋಡಬಲ್ಲವು.

ಕೇಸಿಂಗ್‌ಗೆ ತೂತು ಹೊಡೆಯುವ ಮುನ್ನ ಅದರ ಹಿಂದಿನ ಸಿಮೆಂಟ್ ಬಿಗಿಯನ್ನು ಅಳೆಯಲೇಬೇಕು. ಸಿಮೆಂಟ್ ಟೊಳ್ಳಾಗಿದ್ದರೆ ಕೆಳಗಿನ ನೀರು ಕೇಸಿಂಗ್ ಹಿಂದಿನಿಂದ ಹತ್ತಿ ಬರುತ್ತದೆ, ಒಳ್ಳೆಯ ತೈಲದ ಪದರವನ್ನು ನೀರಿನದೆಂದು ಎರಡನೇ ಸಲ ತಿರಸ್ಕರಿಸುತ್ತಾರೆ.

ಪಕ್ಕದಲ್ಲಿ ಸಿಕ್ಕಿದ್ದು ಹೊಸ ತೈಲವೋ, ಹಳೆ ಕ್ಷೇತ್ರದ್ದೇ ಬಾಲವೋ, ಹೇಗೆ ಹೇಳ್ತೀರಿ?

ಒತ್ತಡದಿಂದ. ಹೊಸ ಬಾವಿಯಲ್ಲಿ ಹಲವು ಆಳಗಳಲ್ಲಿ ಶಿಲೆಯ ಒತ್ತಡ ಅಳೆಯುತ್ತಾರೆ. ಹಳೆ ಕ್ಷೇತ್ರ ಮೂವತ್ತು ವರ್ಷ ತೈಲ ತೆಗೆದು 90 ಬಾರ್ (ಒಂದು ಬಾರ್ ಎಂದರೆ ಸುಮಾರು ಗಾಳಿಯ ಒತ್ತಡದಷ್ಟು) ಕಳೆದುಕೊಂಡಿದ್ದು, ಹೊಸ ಬಾವಿಯಲ್ಲಿ ಮೂಲ ಒತ್ತಡವೇ ಇದ್ದರೆ ನಡುವೆ ತಡೆಯಿದೆ, ಇದು ಬೇರೆ ನಿಕ್ಷೇಪ. ಇಲ್ಲೂ ಒತ್ತಡ ಇಳಿದಿದ್ದರೆ ಎರಡೂ ಸಂಪರ್ಕದಲ್ಲಿವೆ. ಆದರೆ ಸಂಪರ್ಕ ಕೆಳಗಿನ ನೀರಿನ ಮೂಲಕವೂ ಇರಬಹುದು. ಆಗ ತೈಲ ಬೇರೆಯದೇ, ಒತ್ತಡ ಮಾತ್ರ ಹಂಚಿಕೊಂಡದ್ದು. ಇದನ್ನು ಬಿಡಿಸಲು ತೈಲದ ಮಾದರಿಗಳ ರಾಸಾಯನಿಕ ಬೆರಳಚ್ಚು ಹೋಲಿಸಬೇಕು.

ಇದೇ ಅಳತೆಯಿಂದ ತೈಲ-ನೀರಿನ ಗಡಿಯೂ ತಿಳಿಯುತ್ತದೆ. ಆಳಕ್ಕೆ ಹೋದಂತೆ ನೀರಿನಲ್ಲಿ ಒತ್ತಡ ಮೀಟರ್‌ಗೆ ಸುಮಾರು 0.1 ಬಾರ್, ಹಗುರ ತೈಲದಲ್ಲಿ 0.07-0.08 ಬಾರ್ ಏರುತ್ತದೆ. ಎರಡು ಗೆರೆ ಕೂಡುವ ಆಳವೇ ಗಡಿ. ಬಾವಿ ಅಲ್ಲಿಯವರೆಗೆ ಹೋಗಿರದಿದ್ದರೂ ಸರಿ, ನೀರಿನ ಗೆರೆ ಪಕ್ಕದ ಬಾವಿಯಿಂದ ಸಿಕ್ಕರೆ ಸಾಕು. ಆ ಪಕ್ಕದ ಬಾವಿಯ ಅಳತೆ ಉತ್ಪಾದನೆಗೆ ಮುಂಚಿನದಾಗಿರಬೇಕು ಎಂಬುದನ್ನು ಮರೆತು ಗಡಿಯನ್ನು ಹತ್ತಾರು ಮೀಟರ್ ತಪ್ಪಾಗಿ ಎಳೆದದ್ದು ಉಂಟು.

## ಕೊರೆಯುವ ಹಂತ

ಸಿಗುವ ಸಾಧ್ಯತೆಯನ್ನು ಶೇಕಡಾದಲ್ಲಿ ಹೇಗೆ ಹೇಳ್ತಾರೆ? ಊಹೆ ತಾನೆ?

ಆಧಾರವಿರುವ ಊಹೆ. ಪ್ರತಿ ಅಂಶಕ್ಕೆ ಒಂದು ಅಂಕಿ ಕೊಟ್ಟು ಗುಣಿಸುತ್ತಾರೆ. ಹಳೆ ಕ್ಷೇತ್ರದ ಬಳಿ ತೈಲ ಬಂದಿರುವುದು 0.95, ಮರಳುಗಲ್ಲು 0.8, ಬಲೆ 0.7, ಮುಚ್ಚಳ 0.6 ಎಂದರೆ ಗುಣಲಬ್ಧ 0.32. ಏನೂ ತಿಳಿಯದ ಜಾಗದಲ್ಲಿ 0.5, 0.6, 0.6, 0.6 ಎಂದರೆ 0.11. ಎಲ್ಲ ಅಂಶಗಳಿಗೂ 0.9 ಕೊಟ್ಟು ಬರುವ ಪ್ರಸ್ತಾವವನ್ನು ವಾಪಸ್ ಕಳಿಸಿ. ಹಳೆ ಕ್ಷೇತ್ರದ ಬಳಿ ನಿಜವಾದ ಅಪಾಯ ಸಾಮಾನ್ಯವಾಗಿ ಒಂದೇ ಅಂಶದಲ್ಲಿ, ಹೆಚ್ಚಾಗಿ ಸ್ತರಭಂಗ ತಡೆ ಹಿಡಿಯುತ್ತದೆಯೇ ಎಂಬಲ್ಲಿ, ಅಡಗಿರುತ್ತದೆ. ಅದನ್ನು ಹೆಸರಿಟ್ಟು ಹೇಳಬೇಕು.

ಪರಿಚಿತ ಜಾಗ ಅಂದ ಮೇಲೆ ಕೊರೆಯೋದು ಸುಲಭ ಅಲ್ವಾ?

ಹಲವು ಸಲ ಹೆಚ್ಚು ಕಷ್ಟ. ಬರಿದಾದ ಪದರವನ್ನು ದಾಟಿ ಕೆಳಗಿನ ಹೊಸ ಪದರಕ್ಕೆ ಹೋಗಬೇಕಾಗುತ್ತದೆ. 2,000 ಮೀಟರ್ ಆಳದಲ್ಲಿ ಮೂಲ ಒತ್ತಡ 200 ಬಾರ್ ಇದ್ದದ್ದು ಈಗ 110ಕ್ಕೆ ಇಳಿದಿದೆ ಎನ್ನಿ. ಮೇಲಿನ ಜೇಡಿಗಲ್ಲು ಕುಸಿಯದಿರಲು 1.25 ಸಾಂದ್ರತೆಯ ಮಡ್ ಬೇಕು, ಅದು ಆ ಆಳದಲ್ಲಿ 245 ಬಾರ್ ಒತ್ತುತ್ತದೆ. ಮರಳುಗಲ್ಲು ಮೊದಲು 320 ಬಾರ್‌ವರೆಗೆ ತಾಳುತ್ತಿತ್ತು. ಒಳಗಿನ ಒತ್ತಡ 1 ಬಾರ್ ಇಳಿದರೆ ತಾಳುವ ಶಕ್ತಿಯೂ ಸುಮಾರು 0.6 ಬಾರ್ ಇಳಿಯುತ್ತದೆ, ಅಂದರೆ ಈಗ 266. ಪಂಪ್ ಓಡುವಾಗ ಘರ್ಷಣೆಯಿಂದ ಇನ್ನೂ 15-20 ಬಾರ್ ಸೇರುತ್ತದೆ. ಉಳಿದ ಅಂತರ ಬೆರಳೆಣಿಕೆಯಷ್ಟು ಬಾರ್, ಅಥವಾ ಅದೂ ಇಲ್ಲ. ಶಿಲೆ ಸೀಳಿ ಮಡ್ ಒಳಗೆ ಸುರಿದುಹೋಗುತ್ತದೆ.

ಎರಡನೇ ಕಂಟಕ ಪೈಪ್ ಅಂಟಿಕೊಳ್ಳುವುದು. ಮಡ್ 245, ಶಿಲೆ 110, ವ್ಯತ್ಯಾಸ 135 ಬಾರ್. ನಿಂತ ಪೈಪು 10 ಮೀಟರ್ ಉದ್ದ, 8 ಸೆಂ.ಮೀ. ಅಗಲಕ್ಕೆ ಗೋಡೆಗೆ ತಾಗಿ, ಘರ್ಷಣಾಂಕ 0.2 ಆದರೆ ಅದನ್ನು ಬಿಡಿಸಲು ಪೈಪಿನ ತೂಕದ ಮೇಲೆ ಸುಮಾರು 220 ಟನ್ ಎಳೆತ ಬೇಕು. ರಿಗ್‌ನಲ್ಲಿ ಅಷ್ಟು ಮಿಗುವುದೇ ಕಷ್ಟ.

ಹಾಗಾಗಿ ಬರಿದಾದ ಪದರದ ನೆತ್ತಿಗೆ ಮುಂಚೆಯೇ ಕೇಸಿಂಗ್ ಇಳಿಸಿ ಸಿಮೆಂಟ್ ಮಾಡಬೇಕು, ಆಮೇಲೆ ಹಗುರ ಮಡ್‌ಗೆ ಬದಲಿಸಬೇಕು. ಸುಣ್ಣಕಲ್ಲಿನ ಪುಡಿ, ಗ್ರ್ಯಾಫೈಟ್, ನಾರನ್ನು ಸೋರಿಕೆ ಶುರುವಾಗುವ ಮೊದಲೇ ಮಡ್‌ಗೆ ಬೆರೆಸಿಡಿ. ಸುರುಳಿ ತೋಡಿನ ದಪ್ಪ ಪೈಪ್ ಬಳಸಿ, ಮತ್ತು ಆ ಪದರದ ಎದುರು ಪೈಪನ್ನು ನಿಲ್ಲಿಸಬೇಡಿ. ನೀರು ಒತ್ತುವ ಬಾವಿಗಳು ಹತ್ತಿರವಿದ್ದರೆ ತದ್ವಿರುದ್ಧದ ಅಪಾಯ: ಸೋರಿದ ನೀರು ಮೇಲಿನ ಮರಳಿನಲ್ಲಿ ಒತ್ತಡ ಕಟ್ಟಿ ಕೂತಿರುತ್ತದೆ. ಕೊರೆಯುವುದಕ್ಕೆ ವಾರಗಳ ಮುಂಚೆಯೇ ಆ ಬಾವಿಗಳನ್ನು ನಿಲ್ಲಿಸಿ. ಸಮುದ್ರದ ನೀರು ಒತ್ತಿದ ಕ್ಷೇತ್ರಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟಿರಬಹುದು. ಮೂಲ ಕಡತದಲ್ಲಿ "ಇಲ್ಲ" ಎಂದಿದೆ ಎಂದು ಸಂವೇದಕಗಳನ್ನು ಬಿಡುವುದು ಪ್ರಾಣಕ್ಕೆ ಕುತ್ತು.

ಹಳೆ ಬಾವಿಗೇ ಹೋಗಿ ಗುದ್ದಿಬಿಟ್ಟರೆ?

ಆ ಭಯ ನಿಜವಾದದ್ದೇ. ಹಳೆ ಬಾವಿಗಳ ವಾಲಿಕೆಯನ್ನು ಬಿಡಿ ಬಿಡಿ ಕಾಂತೀಯ ಅಳತೆಗಳಿಂದ ದಾಖಲಿಸಿದ್ದು, ಕೆಲವದಕ್ಕೆ ಅದೂ ಇಲ್ಲ. ಆಳಕ್ಕೆ ಹೋದಂತೆ ಅನಿಶ್ಚಿತತೆ ಹತ್ತಾರು ಮೀಟರ್‌ಗೆ ಬೆಳೆಯುತ್ತದೆ. ಹಳೆ ಬಾವಿ ತೆರೆದಿದ್ದರೆ ಗೈರೋ (ಕಾಂತವನ್ನು ನೆಚ್ಚದೆ ದಿಕ್ಕು ಅಳೆಯುವ ಉಪಕರಣ) ಇಳಿಸಿ ಮತ್ತೆ ಅಳೆಯಿರಿ. ಎರಡು ಬಾವಿಗಳ ಅಂತರವನ್ನು ಅವುಗಳ ಒಟ್ಟು ಅನಿಶ್ಚಿತತೆಯಿಂದ ಭಾಗಿಸಿದಾಗ 1.5ಕ್ಕಿಂತ ಕಡಿಮೆ ಬಂದರೆ ವಿಶೇಷ ಎಚ್ಚರ, 1ಕ್ಕೆ ಇಳಿದರೆ ಕೊರೆತ ನಿಲ್ಲಿಸಿ. ಪಕ್ಕದ ಉತ್ಪಾದನಾ ಬಾವಿಯನ್ನು ಆ ಹೊತ್ತಿಗೆ ಮುಚ್ಚಿಡುವುದು ಒಳ್ಳೆಯ ರೂಢಿ.

ಹೊಸ ಬಾವಿ ಬದಲು ಹಳೆ ಬಾವಿಯ ಪಕ್ಕದಿಂದ ಕವಲು ತೆಗೆದರೆ ಖರ್ಚು ಉಳಿಯಲ್ವಾ?

ಉಳಿಯುತ್ತದೆ. ಕೇಸಿಂಗ್‌ನಲ್ಲಿ ಓರೆ ಬೆಣೆ ಇಳಿಸಿ ಕಿಂಡಿ ಕತ್ತರಿಸಿ ಹೊರಗೆ ತಿರುಗುತ್ತಾರೆ. ಮೇಲಿನ ಭಾಗವೆಲ್ಲ ಹಾಗೇ ಬಳಕೆಗೆ ಬರುತ್ತದೆ. ಗುರಿ ಒಂದೆರಡು ಕಿಲೋಮೀಟರ್ ಒಳಗಿದ್ದರೆ ಇದೇ ಮೊದಲ ಆಯ್ಕೆ. ಕಿಂಡಿಯ ಎದುರು ಒಳ್ಳೆಯ ಸಿಮೆಂಟ್ ಇರಬೇಕು, ಕೇಸಿಂಗ್ ಸವೆದಿರಬಾರದು. ತೂತು ಕಿರಿದಾಗುತ್ತದೆ: 9-5/8 ಇಂಚಿನ ಕೇಸಿಂಗ್‌ನಿಂದ ಹೊರಟರೆ 8-1/2 ಇಂಚಿನ ತೂತು, ಅದರಲ್ಲಿ 7 ಇಂಚಿನ ಲೈನರ್ (ಮೇಲಿನವರೆಗೆ ಬಾರದ ಕಿರಿದಾದ ಕೇಸಿಂಗ್). ಕೆಳಗೆ ಇನ್ನೊಂದು ತೊಂದರೆ ಎದುರಾದರೆ ಮತ್ತೊಂದು ಕೇಸಿಂಗ್‌ಗೆ ಜಾಗ ಇರುವುದೇ ಇಲ್ಲ. ಬರಿದಾದ ಪದರ ದಾಟಬೇಕಿದ್ದರೆ ಹೊಸ ಬಾವಿಯೇ ಲೇಸು.

## ಹಣ ಮತ್ತು ಪರವಾನಗಿ

ಹಳೆ ಸ್ಥಾವರಕ್ಕೆ ಜೋಡಿಸಿಬಿಟ್ಟರೆ ಮುಗೀತಲ್ಲ?

ಸ್ಥಾವರದಲ್ಲಿ ತೈಲಕ್ಕೆ ಜಾಗವಿರುತ್ತದೆ, ನೀರಿಗೆ ಇರುವುದಿಲ್ಲ. ಹಳೆ ಬಾವಿಗಳಿಂದ ಹತ್ತು ಪಾಲಿನಲ್ಲಿ ಒಂಬತ್ತು ನೀರೇ ಬರುತ್ತಿದ್ದರೆ ಬೇರ್ಪಡಿಸುವ ಟ್ಯಾಂಕು, ಪಂಪು ಎಲ್ಲ ಅದರಲ್ಲೇ ತುಂಬಿರುತ್ತವೆ. ಹೊಸ ಬಾವಿಗೆ ಎಡೆ ಮಾಡಲು ಅತಿ ಹೆಚ್ಚು ನೀರಿನ ಹಳೆ ಬಾವಿಗಳನ್ನು ಮುಚ್ಚುವ ಲೆಕ್ಕವನ್ನು ಮೊದಲೇ ಹಾಕಿ.

ಎರಡು ಕಡೆಯ ನೀರು ಬೆರೆತಾಗ ಒಂದರಲ್ಲಿ ಬೇರಿಯಂ, ಇನ್ನೊಂದರಲ್ಲಿ ಸಲ್ಫೇಟ್ ಇದ್ದರೆ ಪೈಪಿನಲ್ಲಿ ಬೇರಿಯಂ ಸಲ್ಫೇಟ್ ಗಟ್ಟಿಕಟ್ಟುತ್ತದೆ, ಆಮ್ಲಕ್ಕೂ ಅದು ಕರಗದು. ಮಾದರಿಗಳನ್ನು ಪ್ರಯೋಗಾಲಯದಲ್ಲಿ ಬೆರೆಸಿ ನೋಡದೆ ಪೈಪ್ ಆರ್ಡರ್ ಮಾಡಬೇಡಿ. ಮೇಣದ ತೈಲವಾದರೆ ಕಾಯಿಸುವ ವ್ಯವಸ್ಥೆ ಬೇಕು. ಬಾಡ್‌ಮೇರ್ ತೈಲ ಸಾಮಾನ್ಯ ತಾಪದಲ್ಲಿ ಗಟ್ಟಿಯಾಗುವುದರಿಂದ ಗುಜರಾತ್ ಕರಾವಳಿಯವರೆಗೆ ಸುಮಾರು 670 ಕಿ.ಮೀ. ಪೈಪ್‌ಲೈನನ್ನು ಉದ್ದಕ್ಕೂ ಬಿಸಿ ಇಡುತ್ತಾರೆ. ಮಾಲೀಕರು ಬೇರೆ ಬೇರೆಯಾಗಿದ್ದರೆ ಬೆರೆಯುವ ಮೊದಲೇ ಅಳೆಯುವ ಮೀಟರ್ ಇರಲೇಬೇಕು, ಇಲ್ಲವಾದರೆ ತಗಾದೆ ತಪ್ಪದು.

ಸಮುದ್ರದ ಕ್ಷೇತ್ರವಾದರೆ ಹಳೆ ವೇದಿಕೆಯ ಆಯುಷ್ಯವೂ ಲೆಕ್ಕಕ್ಕೆ ಬರುತ್ತದೆ. ಐದು ವರ್ಷದಲ್ಲಿ ಅದನ್ನು ಕಳಚುವುದಿದ್ದರೆ, ಮೇಲಿನ ಲೆಕ್ಕದಂತೆ ಇಂದು ಲಾಭ ತರಬಲ್ಲ 72 ಲಕ್ಷ ಬ್ಯಾರೆಲ್ ಆಗ ಯಾರಿಗೂ ಬೇಡವಾಗುತ್ತದೆ. ಹಳೆ ಕ್ಷೇತ್ರದ ಸುತ್ತ ಹುಡುಕಾಟವನ್ನು ಮುಂದೂಡಬಾರದು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಭಾರತದಲ್ಲಿ ಹಳೆ ಬಾವಿಗಳ ದಾಖಲೆ ಹೊರಗಿನವರಿಗೆ ಸಿಗುತ್ತಾ? ಸಣ್ಣ ಕಂಪನಿಗೆ ಅವಕಾಶ ಇದೆಯಾ?

ಎರಡಕ್ಕೂ ಹೌದು. ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ 2017ರಿಂದ ನಡೆಸುತ್ತಿರುವ ರಾಷ್ಟ್ರೀಯ ದತ್ತಾಂಶ ಭಂಡಾರದಲ್ಲಿ ಸೈಸ್ಮಿಕ್, ಲಾಗ್, ಬಾವಿ ವರದಿಗಳಿವೆ. ನೋಂದಾಯಿಸಿ, ಶುಲ್ಕ ಕಟ್ಟಿ ಪಡೆಯಬಹುದು. 2016ರ ನೀತಿಯಂತೆ ಆಸಕ್ತರೇ ಪ್ರದೇಶ ಗುರುತಿಸಿ ಹರಾಜಿಗೆ ಇಡಲು ಕೇಳಬಹುದು, ಒಂದೇ ಪರವಾನಗಿಯಲ್ಲಿ ಎಲ್ಲ ಬಗೆಯ ಹೈಡ್ರೋಕಾರ್ಬನ್ ಹುಡುಕಬಹುದು. ಅದೇ ವರ್ಷದ ಸಣ್ಣ ಕ್ಷೇತ್ರಗಳ ಮೊದಲ ಸುತ್ತಿನಲ್ಲಿ, ಹಿಂದೆ ಪತ್ತೆಯಾಗಿ ಬಳಸದೆ ಬಿಟ್ಟ 67 ಕ್ಷೇತ್ರಗಳನ್ನು 46 ಗುತ್ತಿಗೆ ಪ್ರದೇಶಗಳಾಗಿ ಹರಾಜಿಗಿಟ್ಟಿದ್ದರು; ತಾಂತ್ರಿಕ ಅನುಭವದ ಷರತ್ತನ್ನೂ ಕೈಬಿಟ್ಟಿದ್ದರು.

ದಾಖಲೆ ಕೊಳ್ಳುವಾಗ ಪಟ್ಟಿಯಲ್ಲಿ ಹೆಸರಿದೆ ಎಂದು ತೃಪ್ತರಾಗಬೇಡಿ. ಲಾಗ್ ಕಾಗದದ ಸ್ಕ್ಯಾನ್ ಚಿತ್ರವೋ, ಅಂಕಿಗಳ ಕಡತವೋ ಕೇಳಿ. ಸೈಸ್ಮಿಕ್‌ನ ಕ್ಷೇತ್ರ ಟೇಪು ಇದೆಯೇ, ಪರೀಕ್ಷೆಯ ಒತ್ತಡದ ಚಾರ್ಟು ಇದೆಯೇ, ಕೋರ್ ಯಾವ ಗೋದಾಮಿನಲ್ಲಿದೆ, ಹೋಗಿ ನೋಡಲು ಅನುಮತಿ ಸಿಗುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಬಿಡ್ ಹಾಕಿ.